ಡಬ್ಬಿಯಲ್ಲಿ ಏನಿದೆ?

ಆಷಾಢದ ಜಡಿಮಳೆ. ನಾಲ್ಕು ದಿನದಿಂದ ಕೂಲಿ ಇಲ್ಲ. ಸೊಸೆ ಒಲೆ ಹಚ್ಚಿದಳು. ಹುರುಳಿ ಡಬ್ಬಿ ತೆಗೆದಳು. ಕಾಳಿಗೆಲ್ಲ ತೂತು! ಮುಚ್ಚಳದ ತುಂಬ ಹುಳ.

"ಅಯ್ಯೋ ಅತ್ತೆ, ಎರಡು ಸೇರು ಹುರುಳಿ ಹಾಳಾಯ್ತಲ್ಲ!"

"ಸುಗ್ಗೀಲಿ ಸರಿಯಾಗಿ ಒಣಗಿಸಲಿಲ್ಲ ಕಣವ್ವ. ಅವಸರಕ್ಕೆ ತುಂಬಿಬಿಟ್ಟೆವು."

"ಅಂಗಡೀಲಿ ಬೇಳೆ ಕೇಳಲಾ?"

"ಹಳೇ ಸಾಲವೇ ತೀರಿಲ್ಲ. ಯಾವ ಮುಖ ಇಟ್ಕೊಂಡು ಕೇಳ್ತೀಯ?"

ಆ ದಿನ ಮುದ್ದೆಗೆ ಹುಣಸೆಹಣ್ಣಿನ ಗೊಜ್ಜೇ ಗತಿ. ಮಕ್ಕಳು ಅರ್ಧ ಉಂಡು ಎದ್ದರು.

ಹುಳ ಎಲ್ಲಿಂದ ಬಂತು? ಹೊಲದಿಂದಲೇ ಬರುತ್ತದೆ. ಅದು ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಕಾಳಿನ ಜತೆ ಮನೆಗೆ ಬರುತ್ತದೆ. ಮರಿಹುಳ ಕಾಳಿನ ಒಳಗೇ ತಿಂದು ಬೆಳೆಯುತ್ತದೆ. ನಮಗೆ ತೂತು ಕಾಣುವ ಹೊತ್ತಿಗೆ ಹುಳ ಹೊರಗೆ ಬಂದಿರುತ್ತದೆ.

ಅದಕ್ಕೇ ಕಾಳನ್ನು ಎರಡು ಮೂರು ದಿನ ಒಳ್ಳೆಯ ಬಿಸಿಲಿನಲ್ಲಿ ಹರಡಿ. ಹಲ್ಲಿನಲ್ಲಿ ಕಚ್ಚಿದರೆ 'ಕಟ್' ಅನ್ನಬೇಕು. ಬಿಸಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಾಗಿ ತುಂಬಿದರೆ ಒಳಗೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಒಂದು ಕಿಲೋ ಕಾಳಿಗೆ ಒಂದು ಚಿಕ್ಕ ಚಮಚ ಹರಳೆಣ್ಣೆ ಸವರಿ. ಎಣ್ಣೆ ಸವರಿದ ಕಾಳಿನ ಮೇಲೆ ಮೊಟ್ಟೆ ಉಳಿಯುವುದು ಕಷ್ಟ. ನಮ್ಮ ಅಜ್ಜಿಯರು ಇದನ್ನು ಯಾವ ಪುಸ್ತಕವೂ ಇಲ್ಲದೆ ಮಾಡುತ್ತಿದ್ದರು! ಬೇಯಿಸುವ ಮೊದಲು ಕಾಳನ್ನು ಚೆನ್ನಾಗಿ ತೊಳೆಯಿರಿ.

ಕೆಲವರು ಕಾಳಿಗೆ ವಿಷದ ಗುಳಿಗೆ ಹಾಕುತ್ತಾರೆ. ವಾಸದ ಮನೆಯಲ್ಲಿ ಅದು ಬೇಡವೇ ಬೇಡ. ಅದರಿಂದ ವಿಷದ ಗಾಳಿ ಏಳುತ್ತದೆ. ಮನೆಯಲ್ಲಿ ಮಲಗಿದವರ ಪ್ರಾಣವೇ ಹೋಗಬಹುದು.

ರಾಗಿಗೆ ಇಷ್ಟು ಕಾಟ ಇಲ್ಲ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಆದರೆ ಹಿಟ್ಟು ಬೇಗ ಕೆಡುತ್ತದೆ. ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿ. ಬೂಷ್ಟು ಹಿಡಿದ ಕಡಲೆಕಾಯಿ ಬೀಜವನ್ನು ಮಾತ್ರ ಬಿಸಾಡಿ. ಹುರಿದರೂ ಅದರ ವಿಷ ಹೋಗುವುದಿಲ್ಲ. ದುಡ್ಡು ಕೊಟ್ಟದ್ದು ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಬಿಸಾಡಿ.

ಮಳೆ ನಿಂತಿತು. ಸೊಸೆ ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟಳು. ವಾರದ ಬಟವಾಡೆಯಲ್ಲಿ ಒಂದು ಕಿಲೋ ಹೆಸರುಕಾಳು ತಂದಳು. ಒಣಗಿಸಿದಳು, ಎಣ್ಣೆ ಸವರಿ ತುಂಬಿದಳು.

"ಸೀಮೆಸುಣ್ಣ ತತ್ತಾರವ್ವ" ಅಂದರು ಅತ್ತೆ.

ಅತ್ತೆ ಕಲಿಕಾ ಕೇಂದ್ರಕ್ಕೆ ಮೂರು ತಿಂಗಳಿಂದ ಹೋಗುತ್ತಿದ್ದಾರೆ. ಡಬ್ಬಿಯ ಮೇಲೆ ನಿಧಾನವಾಗಿ ಬರೆದರು: 'ಹೆಸರುಕಾಳು. 1 ಕಿಲೋ.' ಕೆಳಗೆ ತುಂಬಿದ ತಾರೀಕು ಹಾಕಿದರು.

"ಅತ್ತೆ, 'ಳು' ಸೊಟ್ಟಗಾಯ್ತು."

"ಆಗಲಿ ಬಿಡು. ಓದೋಕೆ ಬರುತ್ತಲ್ಲ!"

ಮಾತಾಡೋಣ: ನಿಮ್ಮ ಮನೆಯಲ್ಲಿ ಕಾಳಿಗೆ ಹುಳ ಬೀಳದಂತೆ ಏನು ಮಾಡುತ್ತೀರಿ?

ಬರೆಯೋಣ: ಮಳೆಗಾಲಕ್ಕೆ ನಿಮ್ಮ ಮನೆಯಲ್ಲಿ ಇರಲೇಬೇಕಾದ ಐದು ಸಾಮಾನುಗಳ ಹೆಸರು. ಪ್ರತಿಯೊಂದರ ಮುಂದೆ ಎಷ್ಟು ಬೇಕು ಎಂದು ಬರೆಯಿರಿ.