ಬಾಕ್ಸಿಂಗೋ? ಕಿಕ್ ಬಾಕ್ಸಿಂಗೋ? ಮೈ ಗಟ್ಟಿಯಾಗಲು ಯಾವುದು ಒಳ್ಳೇದು?



“ಆರೋಗ್ಯವೇ ಭಾಗ್ಯ” ಎಂದು ಹಿರಿಯರು ಹೇಳಿದ್ದಾರೆ. ಆದರೆ ಆ ಭಾಗ್ಯ ಸುಮ್ಮನೆ ಕೂತರೆ ಬರುವುದಿಲ್ಲ. ಮೈ ಬಗ್ಗಬೇಕು, ಬೆವರು ಸುರಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿರುವಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಗೆ ಕೆಲಸ ಕೊಡಬೇಕು. ಅದರಲ್ಲಿ ವಾರಕ್ಕೆ 3 ದಿನವಾದರೂ ಏದುಸಿರು ಬರುವಂಥ ಮತ್ತು ಮೂಳೆ, ಸ್ನಾಯು ಗಟ್ಟಿಯಾಗುವಂಥ ಆಟ ಇರಬೇಕು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ ಬೇಕು.

ಈ ಸಲ ಬೇಸಿಗೆ ರಜೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಬಾಕ್ಸಿಂಗ್ ಮತ್ತು ಕಿಕ್ ಬಾಕ್ಸಿಂಗ್ ಎರಡನ್ನೂ ಕಲಿಸುತ್ತಾರಂತೆ. ಈ ಸುದ್ದಿ ಬಂದಾಗಿನಿಂದ ನಮ್ಮ ಏಳನೇ ತರಗತಿಯಲ್ಲಿ ಎರಡು ಪಕ್ಷ ಆಗಿದೆ. “ಒದೆಯೋಕೆ ಬರದಿದ್ರೆ ಅದೆಂಥ ಫೈಟಿಂಗು” ಅಂತ ಒಂದು ಪಕ್ಷ. “ಕೈ ನೆಟ್ಟಗೆ ಓಡದೋರಿಗೆ ಕಾಲು ಯಾಕೆ” ಅಂತ ಇನ್ನೊಂದು ಪಕ್ಷ. ನಮ್ಮ ಮನೆಯಲ್ಲಿ ಒಂದಕ್ಕೆ ಮಾತ್ರ ಫೀಸು ಕಟ್ಟುತ್ತೇವೆ ಅಂದಿದ್ದಾರೆ. ನನ್ನ ಹಾಗೇ ಇನ್ನೂ ಎಷ್ಟೋ ಜನ ಇದ್ದೀರಿ. ಅದಕ್ಕೇ ನಾನು ಓದಿ, ಪಿ.ಟಿ. ಮೇಷ್ಟ್ರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಜಗಳ ಆಡುವ ಮೊದಲು ಓದಿರಿ.

1. ಬಾಕ್ಸಿಂಗ್ ಎಂದರೇನು?

ಬಾಕ್ಸಿಂಗ್‌ಗೆ ಕನ್ನಡದಲ್ಲಿ ಮುಷ್ಟಿಯುದ್ಧ ಎನ್ನುತ್ತಾರೆ. ಇದರಲ್ಲಿ ಗ್ಲೌಸ್ ಹಾಕಿದ ಮುಷ್ಟಿಯಿಂದ ಮಾತ್ರ ಹೊಡೆಯಬೇಕು. ಸೊಂಟದ ಪಟ್ಟಿಯ ಕೆಳಗೆ ಹೊಡೆದರೆ ತಪ್ಪು. ಇದು ಬಹಳ ಹಳೆಯ ಆಟ. ಗ್ರೀಸ್ ದೇಶದ ಪ್ರಾಚೀನ ಒಲಿಂಪಿಕ್ಸ್‌ಗೆ ಕ್ರಿ.ಪೂ. 688ರಲ್ಲೇ ಸೇರಿತ್ತು. ಇಂಗ್ಲೆಂಡಿನಲ್ಲಿ 1867ರಲ್ಲಿ ಕ್ವೀನ್ಸ್‌ಬೆರಿ ನಿಯಮಗಳು ಪ್ರಕಟವಾದವು. ಗ್ಲೌಸ್ ಹಾಕಬೇಕು, 3 ನಿಮಿಷದ ಸುತ್ತು, 1 ನಿಮಿಷ ವಿಶ್ರಾಂತಿ, ಬಿದ್ದವನು 10 ಎಣಿಸುವುದರೊಳಗೆ ಏಳಬೇಕು ಎಂಬುದೆಲ್ಲಾ ಆಗ ಬಂದದ್ದು. ಆಧುನಿಕ ಒಲಿಂಪಿಕ್ಸ್‌ಗೆ 1904ರಲ್ಲಿ ಬಂತು. ಆದರೆ ಹೆಂಗಸರ ಬಾಕ್ಸಿಂಗ್ ಸೇರಿದ್ದು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಅಲ್ಲಿಯೇ ಮಣಿಪುರದ ಮೇರಿ ಕೋಮ್ ಕಂಚಿನ ಪದಕ ಗೆದ್ದರು.

ಮುಖ್ಯವಾದ ಗುದ್ದುಗಳು ನಾಲ್ಕೇ.
ಅ) ಜ್ಯಾಬ್: ಮುಂದಿನ ಕೈಯಿಂದ ನೇರ ಗುದ್ದು.
ಆ) ಕ್ರಾಸ್: ಹಿಂದಿನ ಕೈಯಿಂದ ನೇರ ಗುದ್ದು.
ಇ) ಹುಕ್: ಮೊಣಕೈ ಬಗ್ಗಿಸಿ ಪಕ್ಕದಿಂದ ಗುದ್ದು.
ಈ) ಅಪ್ಪರ್‌ಕಟ್: ಕೆಳಗಿನಿಂದ ಮೇಲಕ್ಕೆ ಗುದ್ದು.

2. ಕಿಕ್ ಬಾಕ್ಸಿಂಗ್ ಎಂದರೇನು?

ಇದು ಹೊಸ ಆಟ. 1960ರ ದಶಕದಲ್ಲಿ ಜಪಾನಿನಲ್ಲಿ ಕರಾಟೆ ಮತ್ತು ಥಾಯ್ಲೆಂಡಿನ ಮುಯಿ ಥಾಯ್ ಎರಡನ್ನೂ ಬೆರೆಸಿ ಇದನ್ನು ಬೆಳೆಸಿದರು. ಮುಯಿ ಥಾಯ್‌ನಲ್ಲಿ ಮುಷ್ಟಿ, ಮೊಣಕೈ, ಮೊಣಕಾಲು, ಮುಂಗಾಲು ಎಲ್ಲವೂ ಎರಡೆರಡು ಸೇರಿ ಎಂಟು ಅಂಗಗಳಿಂದ ಹೊಡೆಯಬಹುದು. ಕಿಕ್ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಮೊಣಕೈ ಬಳಸುವಂತಿಲ್ಲ. ಮುಷ್ಟಿ ಮತ್ತು ಕಾಲು ಮುಖ್ಯ.

ಇದರಲ್ಲಿ ಹಲವು ಬಗೆ ಇವೆ. ಒಂದು ಬಗೆಯಲ್ಲಿ ಸೊಂಟದ ಮೇಲೆ ಮಾತ್ರ ಒದೆಯಬೇಕು. ಇನ್ನೊಂದರಲ್ಲಿ ತೊಡೆಗೂ ಒದೆಯಬಹುದು. ಮತ್ತೊಂದರಲ್ಲಿ ಜೋರಾಗಿ ಹೊಡೆಯದೆ ಹಗುರವಾಗಿ ತಾಗಿಸಿ ಅಂಕ ಗಳಿಸಬೇಕು. ಇದರ ವಿಶ್ವ ಸಂಸ್ಥೆಯಾದ ವಾಕೋ 1976ರಲ್ಲಿ ಪ್ರಾರಂಭವಾಯಿತು. ಅದಕ್ಕೆ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಸಿಕ್ಕಿದ್ದು 2021ರಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಕಿಕ್ ಬಾಕ್ಸಿಂಗ್ ಇರಲಿಲ್ಲ.

3. ಗುದ್ದು ಹುಟ್ಟುವುದು ಪಾದದಲ್ಲಿ

ಬಾಕ್ಸಿಂಗ್ ಅಂದರೆ ಬರೀ ತೋಳಿನ ಆಟ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಸೌದೆ ಒಡೆಯುವವರನ್ನು ನೋಡಿರಿ. ಬರೀ ತೋಳಿನಿಂದ ಕೊಡಲಿ ಬೀಸಿದ್ರೆ ತುಂಡು ಸೀಳುವುದಿಲ್ಲ, ಸೊಂಟ ಬೆನ್ನು ಎಲ್ಲಾ ಸೇರಬೇಕು. ಗುದ್ದೂ ಹಾಗೇ. ಹಿಂದಿನ ಪಾದ ನೆಲವನ್ನು ಒತ್ತುತ್ತದೆ, ಆ ಬಲದಿಂದ ಸೊಂಟ ತಿರುಗುತ್ತದೆ, ಸೊಂಟ ಭುಜವನ್ನು ತಿರುಗಿಸುತ್ತದೆ, ಕೊನೆಗೆ ಮುಷ್ಟಿ ಮುಂದೆ ಹೋಗುತ್ತದೆ. ಆದ್ದರಿಂದ ಇದರಲ್ಲಿ ಭುಜ, ಬೆನ್ನು, ಹೊಟ್ಟೆಯ ಸ್ನಾಯುಗಳ ಜೊತೆ ಮೀನಖಂಡಕ್ಕೂ ಕೆಲಸ ಇದೆ. ಬಾಕ್ಸರುಗಳು ಒಂದೇ ಕಡೆ ನಿಲ್ಲದೆ ಸಣ್ಣ ಹೆಜ್ಜೆಯಲ್ಲಿ ಓಡಾಡುತ್ತಾ ಇರುತ್ತಾರೆ. ಅದಕ್ಕೇ ಅವರು ದಿನಾ ಸ್ಕಿಪ್ಪಿಂಗ್ ಆಡುತ್ತಾರೆ.

4. ಒದೆತದ ಗುಟ್ಟು

ಒದೆಯುವಾಗ ನಾವು ಒಂದೇ ಕಾಲಿನ ಮೇಲೆ ನಿಲ್ಲುತ್ತೇವೆ. ಮೊದಲು ಮೊಣಕಾಲು ಮೇಲಕ್ಕೆ ಏಳಬೇಕು, ಆಮೇಲೆ ಕಾಲು ಬಿಚ್ಚಬೇಕು. ಪಕ್ಕದಿಂದ ಬೀಸಿ ಒದೆಯುವಾಗ ನೆಲದ ಮೇಲಿರುವ ಪಾದವೂ ತಿರುಗಬೇಕು. ಪಾದ ತಿರುಗದೆ ಮೈ ಮಾತ್ರ ತಿರುಗಿದರೆ ಮೊಣಕಾಲಿನ ಕೀಲಿಗೆ ತಿರುಚು ಬಿದ್ದು ನೋವಾಗುತ್ತದೆ. ಇದನ್ನು ನಮ್ಮ ಪಿ.ಟಿ. ಮೇಷ್ಟ್ರು ಎರಡು ಸಲ ಹೇಳಿದ್ದಾರೆ, ನಾನೂ ಎರಡು ಸಲ ಹೇಳುತ್ತೇನೆ: ಪಾದ ತಿರುಗಬೇಕು!

ಕಿಕ್ ಬಾಕ್ಸಿಂಗ್‌ನಿಂದ ತೊಡೆ, ಸೊಂಟ, ಪೃಷ್ಠದ ದೊಡ್ಡ ಸ್ನಾಯುಗಳು ಬಲಿಯುತ್ತವೆ. ಸಮತೋಲನ ಬರುತ್ತದೆ, ಮೈ ಬಾಗುತ್ತದೆ. ಆದರೆ ಮೈ ಬಿಸಿ ಮಾಡದೆ ಎತ್ತರಕ್ಕೆ ಒದೆಯಲು ಹೋದ್ರೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುತ್ತದೆ. “ಹಾಸಿಗೆ ಇದ್ದಷ್ಟು ಕಾಲು ಚಾಚು” ಅನ್ನೋ ಗಾದೆ ಒದೆತಕ್ಕೂ ಸರಿಯಾಗಿದೆ. ಮೊದಲು ಮೊಣಕಾಲಿನ ಎತ್ತರ, ಆಮೇಲೆ ಸೊಂಟದ ಎತ್ತರ. ಸಿನಿಮಾದಲ್ಲಿ ಒದೆಯುವ ಎತ್ತರವನ್ನು ಸಿನಿಮಾದವರಿಗೇ ಬಿಡಿ.

5. ಉಸಿರಿಗೆ ಯಾವುದು ಒಳ್ಳೇದು?

ನೀವೇ ಪರೀಕ್ಷೆ ಮಾಡಿ ನೋಡಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕೆಳಗೆ ಎರಡು ಬೆರಳು ಇಟ್ಟು 15 ಸೆಕೆಂಡು ನಾಡಿ ಎಣಿಸಿ, 4ರಿಂದ ಗುಣಿಸಿ. ಅದು ಒಂದು ನಿಮಿಷದ ನಾಡಿ ಬಡಿತ. ಈಗ ಒಂದು ನಿಮಿಷ ಗಾಳಿಯಲ್ಲಿ ಗುದ್ದಿ, ಮತ್ತೆ ಎಣಿಸಿ. ಐದು ನಿಮಿಷ ಕೂತು ಸುಧಾರಿಸಿಕೊಂಡು, ಒಂದು ನಿಮಿಷ ಸೊಂಟದ ಕೆಳಗೆ ಮೆಲ್ಲಗೆ ಒದೆಯುತ್ತಾ ಗುದ್ದಿ, ಮತ್ತೆ ಎಣಿಸಿ. ನನಗೂ ನನ್ನ ಗೆಳತಿಗೂ ಒದೆತ ಸೇರಿದಾಗಲೇ ಎಣಿಕೆ ಜಾಸ್ತಿ ಬಂತು. ಕಾಲಿನ ಸ್ನಾಯುಗಳು ದೊಡ್ಡವು. ಅವಕ್ಕೆ ಹೆಚ್ಚು ಆಮ್ಲಜನಕ ಬೇಕು, ಅದನ್ನು ಒದಗಿಸಲು ಹೃದಯ ಹೆಚ್ಚು ಬಡಿಯಬೇಕು.

ಹಾಗಂತ ಬಾಕ್ಸಿಂಗ್ ಕಡಿಮೆ ಅಂತ ತಿಳಿಯಬೇಡಿ. ಒದೆಯುವವರು ನಡುನಡುವೆ ನಿಂತು ಸಮತೋಲನ ನೋಡಿಕೊಳ್ಳಬೇಕು. ಗುದ್ದನ್ನು ಬಿಡುವಿಲ್ಲದೆ ಹೊಡೆಯುತ್ತಾ ಓಡಾಡಬಹುದು. ಯಾವುದೇ ಆದರೂ ಒಂದು ಅಳತೆ ಇದೆ. ಮಾತಾಡಲು ಆಗುತ್ತದೆ, ಹಾಡಲು ಆಗಲ್ಲ ಅನ್ನುವಂತಿದ್ದರೆ ಸಾಧಾರಣ ವ್ಯಾಯಾಮ. ಎರಡು ಮಾತಿಗೇ ಉಸಿರು ಸಾಲದಿದ್ದರೆ ಜೋರು ವ್ಯಾಯಾಮ. ತಲೆ ಸುತ್ತಿದರೆ, ಎದೆ ನೋವು ಬಂದರೆ ತಕ್ಷಣ ನಿಲ್ಲಿಸಿ ದೊಡ್ಡವರಿಗೆ ಹೇಳಬೇಕು.

6. ತಲೆಗೆ ಪೆಟ್ಟು: ಎಲ್ಲರೂ ಓದಲೇಬೇಕಾದ ಭಾಗ

ನಮ್ಮಜ್ಜಿ ಈ ವಿಷಯ ಕೇಳಿ “ಮೂಗು ಗೀಗು ಒಡಕೊಂಡು ಬಂದೀಯ ಕಣವ್ವ” ಅಂದರು. ಮೂಗು ಒಡೆದರೆ ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಾಣುವುದಿಲ್ಲ. ನಮ್ಮ ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವಂತೆ ಇದೆ. ತಲೆಗೆ ಜೋರು ಪೆಟ್ಟು ಬಿದ್ದಾಗ ಅದು ಒಳಗೇ ಅಲುಗಾಡುತ್ತದೆ. ಬಿಂದಿಗೆ ಅಲ್ಲಾಡಿಸಿದರೆ ಒಳಗಿನ ನೀರು ಹೊಯ್ದಾಡುತ್ತದಲ್ಲ, ಹಾಗೆ. ಇದರಿಂದ ತಲೆನೋವು, ವಾಂತಿ, ಮಂಕು, ಮರೆವು ಬರಬಹುದು. ತಲೆಗೆ ಹಾಕುವ ಹೆಡ್‌ಗಾರ್ಡು ಚರ್ಮ ಸೀಳುವುದನ್ನು ತಡೆಯುತ್ತದೆ, ಆದರೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯುವುದಿಲ್ಲ. ಅಮೆರಿಕಾ ಮತ್ತು ಕೆನಡಾ ದೇಶಗಳ ಮಕ್ಕಳ ವೈದ್ಯರ ಸಂಘಗಳು 2011ರಲ್ಲಿ ಒಟ್ಟಾಗಿ, ಮಕ್ಕಳು ಬಾಕ್ಸಿಂಗ್ ಆಡುವುದನ್ನು ತಾವು ವಿರೋಧಿಸುತ್ತೇವೆ ಎಂದು ಹೇಳಿಕೆ ಕೊಟ್ಟವು. ಅದಕ್ಕೆ ಕಾರಣ ಇದೇ ತಲೆಯ ಪೆಟ್ಟು. ಕಿಕ್ ಬಾಕ್ಸಿಂಗ್‌ನಲ್ಲೂ ತಲೆಗೆ ಹೊಡೆಯುತ್ತಾರೆ, ಕಾಲಿನಿಂದಲೂ ಹೊಡೆಯುತ್ತಾರೆ.

ಆದರೆ ಒಂದು ಸಮಾಧಾನದ ಸಂಗತಿ ಇದೆ. ನಮಗೆ ಬೇಕಾದ ಮೈಯ ಶಕ್ತಿ ಬರುವುದು ತಯಾರಿಯಿಂದ. ಮೈಸೂರು ದಸರೆಯ ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಒಬ್ಬರ ತಲೆಯಿಂದ ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ. ಕಾಳಗ ಸ್ವಲ್ಪ ಹೊತ್ತಿನದು. ಜಟ್ಟಿಗಳ ಮೈ ಗಟ್ಟಿಯಾಗಿದ್ದು ಆ ಸ್ವಲ್ಪ ಹೊತ್ತಿನಲ್ಲಲ್ಲ, ಗರಡಿಮನೆಯಲ್ಲಿ ದಿನಾ ಹೊಡೆದ ದಂಡೆ ಬಸ್ಕಿಯಲ್ಲಿ. ಹಾಗೆಯೇ ಸ್ಕಿಪ್ಪಿಂಗ್, ಚೀಲಕ್ಕೆ ಗುದ್ದುವುದು, ಗಾಳಿಯಲ್ಲಿ ಗುದ್ದುವುದು ಇವುಗಳಿಂದ ಶಕ್ತಿ ಬರುತ್ತದೆ. ಹೊಡೆಸಿಕೊಳ್ಳುವುದರಿಂದ ಯಾವ ಸ್ನಾಯುವೂ ಬೆಳೆಯುವುದಿಲ್ಲ.

7. ಸಾಮಾನು ಏನೇನು ಬೇಕು?

ಬಾಕ್ಸಿಂಗ್‌ಗೆ: ಗ್ಲೌಸು, ಕೈಗೆ ಸುತ್ತುವ ಬಟ್ಟೆ ಪಟ್ಟಿ, ಸ್ಕಿಪ್ಪಿಂಗ್ ಹಗ್ಗ, ಕ್ಯಾನ್ವಾಸ್ ಶೂ.
ಕಿಕ್ ಬಾಕ್ಸಿಂಗ್‌ಗೆ: ಇದೇ ಗ್ಲೌಸು, ಪಟ್ಟಿ, ಹಗ್ಗ, ಜೊತೆಗೆ ಮುಂಗಾಲಿಗೆ ಕಟ್ಟುವ ಪ್ಯಾಡು. ಶೂ ಬೇಡ, ಸಾಮಾನ್ಯವಾಗಿ ಬರಿಗಾಲಲ್ಲಿ ಕಲಿಸುತ್ತಾರೆ. ಆದರೆ ಕಲ್ಲು ಮುಳ್ಳು ಇಲ್ಲದ ಮೆತ್ತನೆ ನೆಲ ಬೇಕು.

ಮನೆಯಲ್ಲಿ ಅಭ್ಯಾಸಕ್ಕೆ ಗೋಣಿಚೀಲದಲ್ಲಿ ಹಳೇ ಬಟ್ಟೆ ತುಂಬಿ ಮರಕ್ಕೆ ನೇತು ಹಾಕಬಹುದು. ಮರಳು ಮಾತ್ರ ತುಂಬಬೇಡಿ. ಮರಳು ಕೆಳಗೆ ಕುಸಿದು ಕಲ್ಲಿನಂತಾಗಿ ಮಣಿಕಟ್ಟಿಗೆ ಪೆಟ್ಟು ಮಾಡುತ್ತದೆ. ಕೈಪಟ್ಟಿಗೆ ಹಳೇ ಪಂಚೆಯನ್ನು ಉದ್ದಕ್ಕೆ ಸೀಳಿಕೊಂಡರೂ ಆಗುತ್ತದೆ (ತಾತನನ್ನು ಕೇಳಿ ಸೀಳಿರಿ!). ಗುದ್ದುವಾಗ ಹೆಬ್ಬೆರಳು ಮುಷ್ಟಿಯ ಒಳಗಿರಬಾರದು, ಹೊರಗೆ ಬೆರಳುಗಳ ಮೇಲೆ ಇರಬೇಕು. ಮಣಿಕಟ್ಟು ಬಾಗಬಾರದು.

8. ಎರಡನ್ನೂ ಬಲ್ಲ ಅಕ್ಕ

ಅಸ್ಸಾಮಿನ ಗೋಲಾಘಾಟ್ ಜಿಲ್ಲೆಯ ಒಂದು ಹಳ್ಳಿಯ ಲವ್ಲೀನಾ ಬೊರ್ಗೊಹೈನ್ 1997ರಲ್ಲಿ ಹುಟ್ಟಿದರು. ಇವರ ಇಬ್ಬರು ಅಕ್ಕಂದಿರು ಅವಳಿ-ಜವಳಿ, ಇಬ್ಬರೂ ಮುಯಿ ಥಾಯ್ ಕಲಿಯುತ್ತಿದ್ದರು. ಅವರನ್ನು ನೋಡಿ ಲವ್ಲೀನಾ ಕೂಡ ಅದನ್ನೇ ಕಲಿತರು. ಮುಂದೆ ಶಾಲೆಯಲ್ಲಿ ನಡೆದ ಆಯ್ಕೆಯಲ್ಲಿ ಒಬ್ಬ ತರಬೇತುದಾರರ ಕಣ್ಣಿಗೆ ಬಿದ್ದು 2012ರಿಂದ ಬಾಕ್ಸಿಂಗ್ ಹಿಡಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. ಇದರಿಂದ ತಿಳಿಯುವುದೇನೆಂದರೆ, ಒಂದು ಕಲಿತರೆ ಇನ್ನೊಂದರ ಬಾಗಿಲು ಮುಚ್ಚುವುದಿಲ್ಲ. ಕಾಲಿನಲ್ಲಿ ಬಂದ ಬಲ ಕೈಗೂ ಬರುತ್ತದೆ.

9. ಹಾಗಾದರೆ ಯಾವುದನ್ನು ಆರಿಸಬೇಕು?

ಬಾಕ್ಸಿಂಗ್ ಆರಿಸಿ:
* ಬೇಗ ಕಲಿತು ಮನೆಯಲ್ಲೇ ಅಭ್ಯಾಸ ಮಾಡಬೇಕು ಅನ್ನುವವರು.
* ಮೈ ಅಷ್ಟಾಗಿ ಬಾಗದವರು.
* ಹಟ್ಟಿಯ ಮುಂದೆ ಸ್ವಲ್ಪವೇ ಜಾಗ ಇರುವವರು.

ಕಿಕ್ ಬಾಕ್ಸಿಂಗ್ ಆರಿಸಿ:
* ಕಾಲು, ಸೊಂಟ ಗಟ್ಟಿಯಾಗಬೇಕು, ಮೈ ಬಾಗಬೇಕು ಅನ್ನುವವರು.
* ಭುಜದಲ್ಲಿ ತೊಂದರೆ ಇದ್ದು ಕಾಲು ಸರಿಯಿರುವವರು (ವೈದ್ಯರನ್ನು ಕೇಳಿ).
* ಪಕ್ಕದಲ್ಲಿ ನಿಂತು ತಿದ್ದುವ ಗುರುಗಳು ಸಿಗುವವರು. ತಪ್ಪು ಒದೆತವನ್ನು ನಮಗೆ ನಾವೇ ನೋಡಿಕೊಳ್ಳಲು ಆಗುವುದಿಲ್ಲ.

ನಾನು ಬಾಕ್ಸಿಂಗ್‌ಗೆ ಸೇರುತ್ತೇನೆ. ರಜೆ ಮುಗಿದ ಮೇಲೆ ತಾಲ್ಲೂಕಿಗೆ ದಿನಾ ಹೋಗಲು ಆಗುವುದಿಲ್ಲ. ಹಗ್ಗ, ಚೀಲ, ನಾಲ್ಕು ಗುದ್ದು ಮನೆಯಲ್ಲೇ ಮುಂದುವರಿಸಬಹುದು. ಎರಡು ತಿಂಗಳು ಜೋರಾಗಿ ಮಾಡಿ ಬಿಟ್ಟುಬಿಟ್ಟರೆ ಯಾವ ಆಟದ ಶಕ್ತಿಯೂ ಮೈಯಲ್ಲಿ ಉಳಿಯುವುದಿಲ್ಲ. ಅದಕ್ಕೇ ಬಿಡದೆ ಮಾಡಲು ಯಾವುದು ಆಗುತ್ತದೋ ಅದನ್ನೇ ಆರಿಸಬೇಕು. ನನ್ನ ಗೆಳತಿಯ ಮನೆ ತಾಲ್ಲೂಕಿನ ಹತ್ತಿರವೇ ಇದೆ. ಅವಳು ಕಿಕ್ ಬಾಕ್ಸಿಂಗ್ ಸೇರಿದರೂ ಸರಿಯೇ.

ಯಾವುದಕ್ಕೆ ಸೇರಿದರೂ ಮೊದಲನೇ ದಿನ ಕಲಿಸುವವರನ್ನು ಒಂದು ಪ್ರಶ್ನೆ ಕೇಳಿರಿ: “ಸಾರ್, ಮಕ್ಕಳ ತಲೆಗೆ ಹೊಡೆಸ್ತೀರಾ?” ಹೌದು ಅಂದರೆ ಮನೆಯವರಿಗೆ ಹೇಳಿ ವಾಪಸ್ ಬನ್ನಿರಿ. ಇದು ಹೆದರಿಕೆಯ ಮಾತಲ್ಲ. ನಮಗೆ ಇರುವುದು ಒಂದೇ ತಲೆ, ಮುಂದಿನ ವರ್ಷದ ಪಾಠವೂ ಅದರಲ್ಲೇ ಇಡಬೇಕು.

10. ಮನೆಯಲ್ಲಿ ಅರ್ಧ ಗಂಟೆಯ ಅಭ್ಯಾಸ

* 5 ನಿಮಿಷ: ನಿಧಾನ ಓಟ, ಕೈ ಕಾಲು ತಿರುಗಿಸುವುದು.
* 9 ನಿಮಿಷ: ಸ್ಕಿಪ್ಪಿಂಗ್. 2 ನಿಮಿಷ ಆಟ, 1 ನಿಮಿಷ ವಿಶ್ರಾಂತಿ, ಹೀಗೆ 3 ಸಲ.
* 9 ನಿಮಿಷ: ನೆರಳಿನ ಜೊತೆ ಗುದ್ದಾಟ. ಇದೂ ಹಾಗೆಯೇ 3 ಸಲ. ಬೆಳಗಿನ ಬಿಸಿಲಿನಲ್ಲಿ ಗೋಡೆ ಮೇಲೆ ನಿಮ್ಮ ನೆರಳು ನೋಡಿದರೆ ಕೈ ಕೆಳಗಿಳಿದಿದ್ದು ಗೊತ್ತಾಗುತ್ತದೆ.
* 2 ನಿಮಿಷ: ಆದಷ್ಟು ದಂಡೆ, ಬಸ್ಕಿ.
* 5 ನಿಮಿಷ: ಮೈ ನಿಧಾನವಾಗಿ ಎಳೆದು ಸಡಿಲಿಸುವುದು.

ಊಟ ಮಾಡಿದ ತಕ್ಷಣ ಮಾಡಬಾರದು. ನೀರು ಕುಡಿಯಬೇಕು. ಕಲಿತದ್ದನ್ನು ತಮ್ಮ ತಂಗಿಯರ ಮೇಲೆ ಪ್ರಯೋಗ ಮಾಡಬಾರದು.

ಪ್ರಶ್ನೆಗಳು (ಉತ್ತರ ಮೇಲಿನ ಲೇಖನದಲ್ಲೇ ಇದೆ)

1) ಗುದ್ದಿನ ಬಲ ಎಲ್ಲಿಂದ ಪ್ರಾರಂಭವಾಗುತ್ತದೆ?
2) ಪಕ್ಕದಿಂದ ಒದೆಯುವಾಗ ನೆಲದ ಮೇಲಿನ ಪಾದ ಏನು ಮಾಡಬೇಕು?
3) ಚೀಲಕ್ಕೆ ಮರಳು ಏಕೆ ತುಂಬಬಾರದು?
4) ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಸೇರಿದ ವರ್ಷ ಯಾವುದು?

ಉತ್ತರಗಳನ್ನು ಚೀಟಿಯಲ್ಲಿ ಬರೆದು ಸೋಮವಾರ ಪ್ರಾರ್ಥನೆಯ ಮೊದಲು ನನಗೆ ಕೊಡಿರಿ. ಎಲ್ಲಾ ಸರಿ ಬರೆದವರ ಹೆಸರನ್ನು ಮುಂದಿನ ಸಂಚಿಕೆಯಲ್ಲಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆಯಲಾಗುವುದು.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ