ಹಳೆಯ ನಾಯಿ, ಹೊಸ ಮರಿ: ನಡುವೆ ಒಂದು ಕದ ಇರಲಿ

ಪ್ರಶ್ನೆ: ಡಾಕ್ಟರ್ರೇ, ಗೋಕುಲ ರಸ್ತೆಯ ಒಳಗಿನ ಕಾಲೊನಿಯಲ್ಲಿ ನಮ್ಮದೊಂದು ಬಾಡಿಗೆ ಮನೆ. ಆರು ವರ್ಷದ ಗಂಡು ನಾಯಿ ರಾಜಾ ಇದೆ, ಮುಧೋಳ ತಳಿಯ ಮಿಶ್ರಣ. ನಮ್ಮೆಲ್ಲರ ಜೊತೆ ಪ್ರೀತಿಯಿಂದಲೇ ಇರುತ್ತದೆ, ಬೇರೆ ನಾಯಿ ಕಂಡರೆ ಮಾತ್ರ ಆಗಿಬರುವುದಿಲ್ಲ. ಮಗನ ಹಟಕ್ಕೆ ಹೋದ ವಾರ 50 ದಿನದ ಲ್ಯಾಬ್ರಡಾರ್ ಮರಿ ತಂದೆವು. ಮೊದಲ ದಿನದಿಂದಲೇ ರಾಜಾ ಗುರುಗುಟ್ಟುತ್ತಿತ್ತು. ಮೊನ್ನೆ ಮರಿ ಅದರ ತಟ್ಟೆಯ ಹತ್ತಿರ ಹೋದಾಗ ಕುತ್ತಿಗೆ ಹಿಡಿದು ಝಾಡಿಸಿತು. ನಾವು ಚೀರಿದ ಮೇಲೆ ಬಿಟ್ಟಿತು. ಎರಡು ಸಣ್ಣ ತೂತು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಅರಿಶಿನ ಹಚ್ಚಿದ್ದೇವೆ. ಮರಿ ಸ್ವಲ್ಪ ಮಂಕಾಗಿದೆ. ‘ಎರಡ ದಿವ್ಸದಾಗ ತಾವ ಹೊಂದ್ಕೊಂತಾವ, ನೀವು ನಡುವ ಹೋಗಬ್ಯಾಡ್ರಿ’ ಅನ್ನುತ್ತಾರೆ ಮಾವನವರು. ಯಜಮಾನರು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ, ನಾನೂ ಕೆಲಸಕ್ಕೆ ಹೋಗುತ್ತೇನೆ. ಹಗಲು ಮನೆಯಲ್ಲಿ ಅತ್ತೆ, ಮಾವ ಇಬ್ಬರೇ. ರಾಜಾನನ್ನು ಕಟ್ಟಿಹಾಕಿದರೆ ಸಾಕೇ? ಇಲ್ಲ, ಯಾರಿಗಾದರೂ ಕೊಟ್ಟುಬಿಡಬೇಕೇ?
– ಹೆಸರು ಬೇಡ, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಮರಿಯನ್ನು ಇನ್ನೂ ಡಾಕ್ಟರಿಗೆ ತೋರಿಸಿಲ್ಲವಾದರೆ ಈ ಪುಟ ಮಡಚಿಟ್ಟು ಮೊದಲು ಹೋಗಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಿಮಗೆ ಸಣ್ಣದಾಗಿ ಕಾಣುವ ಆ ಎರಡು ತೂತುಗಳೇ ನನಗೆ ದೊಡ್ಡ ಚಿಂತೆ. ಮರಿಯ ಚರ್ಮ ಸಡಿಲ. ಕೋರೆಹಲ್ಲು ಒಳಗೆ ನೆಟ್ಟಿರುವಾಗ ಝಾಡಿಸಿದರೆ ಚರ್ಮ ಹಲ್ಲಿನ ಜೊತೆ ಜರುಗುತ್ತದೆ, ಅದರ ಅಡಿಯ ಮಾಂಸ ಹರಿಯುತ್ತದೆ. ಮೇಲಿನ ತೂತು ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ, ಒಳಗೆ ಉಳಿದ ಹೊಲಸು ಕೀವಾಗುತ್ತದೆ. ಕುತ್ತಿಗೆಯ ಗಾಯವೆಂದರೆ ಶ್ವಾಸನಾಳಕ್ಕೆ ಪೆಟ್ಟು ಬಿದ್ದಿದೆಯೇ ಎಂದು ನೋಡಲೇಬೇಕು. ಅದು ತೂತಾಗಿದ್ದರೆ ಚರ್ಮದ ಕೆಳಗೆ ಗಾಳಿ ಸೇರಿ ಊತ ಬರುತ್ತದೆ, ಒತ್ತಿದರೆ ಚರಚರ ಎನ್ನುತ್ತದೆ. ಮರಿಯ ತುಟಿ ಎತ್ತಿ ನೋಡಿ. ಒಸಡು ಬಿಳಿಚಿದ್ದರೆ, ಉಸಿರಾಡುವಾಗ ಹೊಟ್ಟೆ ಜೋರಾಗಿ ಎದ್ದುಬೀಳುತ್ತಿದ್ದರೆ, ಏನೂ ತಿನ್ನದೆ ಮೂಲೆ ಸೇರಿದ್ದರೆ ಬೆಳಗಿನವರೆಗೆ ಕಾಯಬೇಡಿ. ನೀವು ಬರೆದ ‘ಮಂಕು’ ಎಂಬ ಒಂದು ಮಾತೇ ನನಗೆ ಸಾಕು.

ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ತುಂಬಬೇಡಿ. ಉಪ್ಪು ಬೆರೆಸಿ ಕುದಿಸಿ ಆರಿಸಿದ ನೀರಿನಿಂದ ತೊಳೆದು ತಂದರೆ ಸಾಕು. ಇನ್ನೊಂದು ಮಾತು: ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಯನ್ನು ‘ಸಣ್ಣ ಚೂರು’ ಎಂದು ಕೊಡಬೇಡಿ. ನಮ್ಮ ನೋವಿನ ಮಾತ್ರೆಗಳು ನಾಯಿಮರಿಯ ಯಕೃತ್ತು, ಮೂತ್ರಪಿಂಡ, ಹೊಟ್ಟೆಗೆ ವಿಷವಾಗಬಲ್ಲವು.

ಹೋಗುವಾಗ ರಾಜಾನ ಲಸಿಕೆ ಕಾರ್ಡನ್ನೂ ಒಯ್ಯಿರಿ. ಮರಿಗೆ ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಬೀಳುವುದು, ಹಾಗಾಗಿ ಕಚ್ಚಿದ ನಾಯಿಯ ಲಸಿಕೆ ಚಾಲ್ತಿಯಲ್ಲಿದೆಯೇ ಎಂಬುದು ಡಾಕ್ಟರಿಗೆ ಗೊತ್ತಾಗಬೇಕು.

ಇನ್ನು ಮಾವನವರ ಮಾತು. ಅದು ಪೂರ್ತಿ ಸುಳ್ಳಲ್ಲ. ಬೆಳೆದ, ಸರಿಸಮ ಗಾತ್ರದ ಎರಡು ನಾಯಿಗಳು ಒಂದೆರಡು ಸಲ ಗುರುಗುಟ್ಟಿ ತಮ್ಮ ತಮ್ಮ ಜಾಗ ಹಂಚಿಕೊಳ್ಳುವುದುಂಟು. ಆದರೆ ಇಲ್ಲಿ ಒಂದು ಕಡೆ 20 ಕಿಲೊ ಮೀರಿದ ನಾಯಿ, ಇನ್ನೊಂದು ಕಡೆ ನಾಲ್ಕೈದು ಕಿಲೊ ಮರಿ. ಹೊಂದಿಕೊಳ್ಳಲು ಎರಡು ದಿನ ಬೇಕು, ಕೊಲ್ಲಲು ಒಂದು ಗಳಿಗೆ ಸಾಕು. ಜೊತೆಗೆ ನೀವು ತಂದ ಮರಿ ಚಿಕ್ಕದು. 2017ರ ಕೇಂದ್ರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ನಿಮ್ಮದಕ್ಕೆ 50 ದಿನ. ದೊಡ್ಡ ನಾಯಿ ಬಿಗಿಯಾಗಿ ನಿಂತರೆ ಹಿಂದೆ ಸರಿಯಬೇಕೆಂಬ ನಾಯಿಯ ನಡೆನುಡಿಯನ್ನು ಮರಿ ತಾಯಿ, ಒಡಹುಟ್ಟಿದವುಗಳ ನಡುವೆ ಕಲಿಯುವುದು ಈ ವಾರಗಳಲ್ಲೇ. ಆ ಪಾಠ ಅರ್ಧಕ್ಕೆ ನಿಂತ ಮರಿ ನೇರ ತಟ್ಟೆಗೇ ಮೂತಿ ಹಾಕುತ್ತದೆ.

ಮುಧೋಳ ನಾಯಿ ಕ್ರೂರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಯವರಿಗೆ ನಿಷ್ಠೆಯ, ಹೊರಗಿನವರ ಮುಂದೆ ನಾಚಿಕೆಯ ನಾಯಿ ಅದು. ಆದರೆ ಮೊಲ ಅಟ್ಟಿಸಿ ಹಿಡಿಯಲೆಂದೇ ತಲೆಮಾರುಗಳ ಕಾಲ ಸಾಕಿದ ತಳಿ. ಕೀಚ್ ಎನ್ನುತ್ತಾ ಓಡುವ ಸಣ್ಣ ಪ್ರಾಣಿ ಕಂಡರೆ ಇಂಥ ನಾಯಿಯ ಕಾಲು ತಾನೇ ಏಳುತ್ತದೆ. ಹಿಡಿದು ಝಾಡಿಸುವುದೂ ಬೇಟೆಯ ಪಟ್ಟೇ. ಸಿಟ್ಟಿಗಿಂತ ನಾನು ಹೆದರುವುದು ಇದಕ್ಕೆ.

ಕಟ್ಟಿಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು, ಕೆಲವೊಮ್ಮೆ ಇನ್ನೂ ಕೆಡುತ್ತದೆ. ಸರಪಳಿಯಲ್ಲಿರುವ ನಾಯಿಗೆ ದೂರ ಹೋಗುವ ದಾರಿಯಿಲ್ಲ, ಉಳಿಯುವುದು ಕಚ್ಚುವುದೊಂದೇ. ಸರಪಳಿ ಎಲ್ಲಿಯವರೆಗೆ ಎಳೆಯುತ್ತದೆ ಎಂಬುದು ಮರಿಗೆ ಗೊತ್ತಿಲ್ಲ, ಆಡುತ್ತಾ ಒಳಗೇ ಹೋಗಿ ನಿಲ್ಲುತ್ತದೆ. ಸರಪಳಿಗಿಂತ ಕದ ಮೇಲು. ಹಗಲು ಒಂದು ಹಿತ್ತಲ ಕಡೆ, ಇನ್ನೊಂದು ಪಡಸಾಲೆಯಲ್ಲಿ. ಎರಡು ಮೂರು ತಾಸಿಗೊಮ್ಮೆ ಅದಲು ಬದಲು. ಬರೀ ಚಿಲಕ ನಂಬಬೇಡಿ, ಮೂತಿಯಿಂದ ತಳ್ಳಿ ತೆರೆಯುವ ನಾಯಿಗಳಿವೆ. ಮೇಲಿನ ಅಗಳಿ ಹಾಕಿ. ಕಬ್ಬಿಣದ ಗ್ರಿಲ್ ಇದ್ದರೆ ಮರಿಯ ತಲೆ ತೂರದಂತೆ ಕೆಳಗಿನ ಎರಡಡಿಗೆ ಜಾಳಿಗೆ ಬಿಗಿಯಿರಿ. ಊಟದ ತಟ್ಟೆ, ಎಲುಬು, ಚೆಂಡು, ಮಲಗುವ ಗೋಣಿಚೀಲ ಎಲ್ಲ ಬೇರೆ ಬೇರೆ ಕೋಣೆಯಲ್ಲಿ. ಉಂಡಾದ ಮೇಲೆ ತಟ್ಟೆ ಎತ್ತಿಡಿ. ಅತ್ತೆ, ಮಾವನವರಿಗೆ ಹತ್ತು ನಿಯಮ ಹೇಳಿದರೆ ಒಂದೂ ನೆನಪಿರುವುದಿಲ್ಲ. ಒಂದೇ ಹೇಳಿ: ಒಂದನ್ನು ಬಿಡುವ ಮುಂಚೆ ಇನ್ನೊಂದರ ಅಗಳಿ ಬಿದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಮಗನ ಕೈಗೆ ಅಗಳಿ ಎಟುಕದಂತಿದ್ದರೆ ಇನ್ನೂ ಒಳ್ಳೆಯದು.

ಗುರ್ ಎಂದರೆ ರಾಜಾನಿಗೆ ಹೊಡೆಯಬೇಡಿ. ಗುರುಗುಟ್ಟುವುದು ಅದು ಕೊಡುವ ಮುನ್ಸೂಚನೆ. ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ. ಆಮೇಲೆ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಮೈ ಸೆಟೆಯುವುದು, ಕಣ್ಣಂಚಿನಲ್ಲಿ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ತಿನ್ನುತ್ತಿದ್ದದ್ದು ಒಮ್ಮೆಲೇ ನಿಲ್ಲಿಸಿ ಕಲ್ಲಾಗುವುದು – ಇವು ಗುರುಗುಟ್ಟುವುದಕ್ಕೂ ಮೊದಲಿನ ಸೂಚನೆಗಳು. ಅಷ್ಟು ಕಂಡರೆ ಸಾಕು, ಮರಿಯನ್ನು ಎತ್ತಿಕೊಂಡು ಹೋಗಿಬಿಡಿ.

ರಾಜಾನನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ಕಿವಿಯಲ್ಲಿ ಕೀವು, ಹಲ್ಲುನೋವು, ಸೊಂಟದ ಕೀಲುನೋವು, ಉಣ್ಣೆಯಿಂದ ಬರುವ ಜ್ವರ ಯಾವುದಿದ್ದರೂ ಮೈಮೇಲೆ ಹಾರುವ ಮರಿ ಅದಕ್ಕೆ ಕಾಟವೇ. ನೋವು ಇಳಿದ ಮೇಲೆ ಅರ್ಧ ಸಿಟ್ಟು ಇಳಿದ ನಾಯಿಗಳನ್ನು ಕಂಡಿದ್ದೇನೆ.

ಮರಿಯ ಗಾಯ ಮಾಯುವವರೆಗೆ ಭೇಟಿ ಬೇಡ. ಆಮೇಲೂ ಮೊದಲು ವಾಸನೆಯ ಪರಿಚಯ: ಮರಿ ಮಲಗಿದ ಬಟ್ಟೆಯನ್ನು ರಾಜಾನ ಕಡೆ, ರಾಜಾನದನ್ನು ಮರಿಯ ಕಡೆ ಇಡಿ. ನಂತರ ಜಾಳಿಗೆಯ ಆಚೆ ಈಚೆ, ದೂರದಿಂದ. ಮರಿಯನ್ನು ನೋಡಿಯೂ ರಾಜಾ ನಿಮ್ಮ ಕಡೆ ತಿರುಗುವಷ್ಟು ದೂರವೇ ಸರಿಯಾದ ದೂರ. ತಿರುಗಿದಾಗಲೆಲ್ಲ ಬೇಯಿಸಿದ ಕೋಳಿಯದೊಂದು ಚೂರು ಕೊಡಿ. ಹೀಗೆ ದಿನಕ್ಕೆ ಐದೈದು ನಿಮಿಷ ಸಾಕು. ಹೊರಗಿನ ಜಾಗದಲ್ಲಿ ಭೇಟಿ ಮಾಡಿಸಿ ಎಂದು ಪುಸ್ತಕಗಳು ಹೇಳುತ್ತವೆ. ಸರಿಯೇ, ಆದರೆ ಲಸಿಕೆ ಮುಗಿಯದ ಮರಿಯನ್ನು ತೋಳನಕೆರೆಯ ದಂಡೆಗೋ ಬೀದಿನಾಯಿ ತಿರುಗುವ ರಸ್ತೆಗೋ ಇಳಿಸಿದರೆ ಪಾರ್ವೊ ರೋಗ ತಗಲಬಹುದು. ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ನಡೆಯುತ್ತದೆ. ನಾಯಿ ಸಾಕದ ನೆರೆಯವರ ಕಾಂಪೌಂಡ್ ಸಿಕ್ಕರೆ ಅದೇ ನಿಮ್ಮ ಮೈದಾನ. ಇಬ್ಬರು ದೊಡ್ಡವರು, ಎರಡು ಬೆಲ್ಟು, ರಾಜಾನ ಮೂತಿಗೆ ಎತ್ತಿನ ಬಾಯಿಕುಕ್ಕೆಯಂತೆ ಗಾಳಿಯಾಡುವ ಮಜಲ್. ಬಾಯಿ ಬಿಗಿಯುವ ಬಟ್ಟೆಯ ಪಟ್ಟಿ ಬೇಡ. ನಾಯಿ ಮೈ ತಂಪಾಗಿಸಿಕೊಳ್ಳುವುದೇ ಬಾಯಿ ತೆರೆದು, ನಮ್ಮ ಏಪ್ರಿಲ್ ಬಿಸಿಲಿಗೆ ಅದನ್ನು ಕಟ್ಟಿದರೆ ಜೀವಕ್ಕೆ ಕುತ್ತು.

ಯಾರಿಗಾದರೂ ಕೊಡಬೇಕೇ? ಒಮ್ಮೆ ಹಿಡಿದು ಝಾಡಿಸಿದ ನಾಯಿ ಮುಂದೆ ಸರಿಹೋಗುತ್ತದೆ ಎಂದು ಯಾವ ಡಾಕ್ಟರೂ ಬರೆದುಕೊಡಲಾರ. ಹಗಲೆಲ್ಲ ಇಬ್ಬರು ವಯಸ್ಸಾದವರೇ ಇರುವ ಸಣ್ಣ ಮನೆಯಲ್ಲಿ ಕದಗಳ ಈ ಲೆಕ್ಕ ತಿಂಗಳುಗಟ್ಟಲೆ ತಪ್ಪದೆ ನಡೆಯುವುದು ಕಷ್ಟವೆನಿಸಿದರೆ ನನ್ನ ಸಲಹೆ ನೇರ: ಮರಿಯನ್ನು ಕೊಡಿ, ರಾಜಾನನ್ನಲ್ಲ. ಎರಡು ತಿಂಗಳ ಲ್ಯಾಬ್ರಡಾರಿಗೆ ಒಂದು ವಾರದಲ್ಲಿ ಒಳ್ಳೆಯ ಮನೆ ಸಿಗುತ್ತದೆ, ಒಂದು ತಿಂಗಳಲ್ಲಿ ಅದು ನಿಮ್ಮನ್ನು ಮರೆತೂಬಿಡುತ್ತದೆ. ಬೇರೆ ನಾಯಿ ಕಂಡರಾಗದ ಆರು ವರ್ಷದ ನಾಯಿಯನ್ನು ಯಾರೂ ಒಯ್ಯುವುದಿಲ್ಲ. ‘ಹೊಲಕ್ಕೆ ಕೊಟ್ಟೆವು’ ಎಂದು ಹೇಳಿ ಬೈಪಾಸಿನಲ್ಲಿ ಇಳಿಸಿ ಬರುವವರಿದ್ದಾರೆ; 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಮಗ ನಾಲ್ಕು ದಿನ ಅಳುತ್ತಾನೆ, ಅಳಲಿ.

ಪ್ರಶ್ನೆ: ಗಂಡು ನಾಯಿಗೆ ಬೀಜದ ಆಪರೇಷನ್ ಮಾಡಿಸಿದರೆ ಮರಿಗಳನ್ನು ಕಚ್ಚುವುದು ನಿಲ್ಲುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೆಣ್ಣುನಾಯಿಯ ಹಿಂದೆ ಊರು ಸುತ್ತುವುದು, ಕಂಡಲ್ಲೆಲ್ಲ ಕಾಲೆತ್ತುವುದು ಕಡಿಮೆಯಾಗಬಹುದು. ತಟ್ಟೆ ಕಾಯುವ ಸಿಟ್ಟು, ಹೆದರಿಕೆಯ ಸಿಟ್ಟು, ಬೇಟೆಯ ಚಪಲ ಇದರಿಂದ ಹೋಗುವುದಿಲ್ಲ. ಹೆದರುವ ಸ್ವಭಾವದ ಕೆಲವು ನಾಯಿಗಳು ಇನ್ನಷ್ಟು ಹೆದರುವುದೂ ಇದೆ. ಹೆಣ್ಣಿನ ಮಾತು ಬೇರೆ: ಮರಿ ಹಾಕಿದ ಹೆಣ್ಣುನಾಯಿ ಬೇರೆ ಮರಿಯನ್ನು ಕಚ್ಚಲು ಬಂದರೆ ಅದು ತಾಯಿಯ ಕಾವಲು; ಅದಕ್ಕೆ ಪ್ರತ್ಯೇಕ ಕೋಣೆ ಕೊಡಿ, ಮರಿಗಳು ಮೊಲೆ ಬಿಟ್ಟ ಮೇಲೆ ಬಹುಪಾಲು ತಾನೇ ಇಳಿಯುತ್ತದೆ.

ಪ್ರಶ್ನೆ: ದೊಡ್ಡ ನಾಯಿಯ ಬಾಯಿಂದ ಮರಿ ಬಿಡಿಸಲು ಹೋಗಿ ನನ್ನ ಕೈಗೇ ಹಲ್ಲು ನಟ್ಟು ರಕ್ತ ಬಂತು. ಮನೆಯ ನಾಯಿ, ಲಸಿಕೆ ಹಾಕಿಸಿದ್ದೇವೆ. ಸುಮ್ಮನಿರಬಹುದೇ?
– ಗೃಹಿಣಿ, ಕೇಶ್ವಾಪುರ

ಉತ್ತರ: ಸುಮ್ಮನಿರಬೇಡಿ. ಹರಿಯುವ ನಲ್ಲಿನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಡಿಯಾರ ನೋಡಿ ತೊಳೆಯಿರಿ, ಅಯೋಡಿನ್ ಹಚ್ಚಿ, ಗಾಯಕ್ಕೆ ಪಟ್ಟಿ ಕಟ್ಟದೆ ಕಿಮ್ಸಿಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಅಂದೇ ಹೋಗಿ. ರಕ್ತ ಬಂದ ಗಾಯವೆಂದರೆ ರೇಬಿಸ್ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ನಿಮಗೆ ಏನು ಬೇಕು ಎಂಬುದನ್ನು ಅಲ್ಲಿನ ಡಾಕ್ಟರೇ ನಿರ್ಧರಿಸಲಿ, ನಾಯಿಯ ಕಾರ್ಡ್ ತೋರಿಸಿ. ಸ್ನಾಯುವಿಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7, 14, 28ನೇ ದಿನ; ಚರ್ಮದೊಳಗೆ ಕೊಡುವುದಾದರೆ 3, 7, 28. ಟಿಟಿ ಇಂಜೆಕ್ಷನ್ ವಿಷಯವನ್ನೂ ಕೇಳಿ. ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ, ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಎಂದು ಕೂರಬೇಡಿ. ಮುಂದೆ ಇಂಥದ್ದಾದರೆ ಕೈ ಹಾಕಬೇಡಿ, ಮರಿಯನ್ನು ಹಿಡಿದೂ ಎಳೆಯಬೇಡಿ. ಎಳೆದಷ್ಟೂ ಅದರ ಮಾಂಸ ಹರಿಯುತ್ತದೆ. ದೊಡ್ಡ ನಾಯಿಯ ಮುಖದ ಮೇಲೆ ಒಂದು ಬಕೆಟ್ ನೀರು ಸುರಿಯಿರಿ, ಇಲ್ಲವೇ ದಪ್ಪ ಕೌದಿ ಎಸೆಯಿರಿ. ಬಾಯಿ ಬಿಟ್ಟ ಕ್ಷಣ ಮರಿಯನ್ನು ಎತ್ತಿಕೊಳ್ಳದೆ ನಡುವೆ ಕುರ್ಚಿ ಅಡ್ಡ ಇಟ್ಟು ದೊಡ್ಡದನ್ನು ಕೋಣೆಗೆ ಅಟ್ಟಿ, ಅಗಳಿ ಹಾಕಿ. ನೋವಿನಲ್ಲಿರುವ ಮರಿಯೂ ಕಚ್ಚುತ್ತದೆ, ಟವೆಲ್ ಸುತ್ತಿ ಎತ್ತಿರಿ.