ದೊಡ್ಡ ಕಡತಕ್ಕೆ ಬೇರೆ ಜಾಗ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹುಡುಗ ಹುಡುಗಿಯರೇ, 1196ರಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ದೇಗುಲದ ಶಿಲ್ಪಗಳನ್ನೋ ಅಜ್ಜಂಪುರದ ಅಮೃತ್ ಮಹಲ್ ರಾಸುಗಳನ್ನೋ ವಿಡಿಯೊ ಮಾಡಿ ವೆಬ್‌ಸೈಟ್ ಕಟ್ಟುವುದಾದರೆ, ಆ ವಿಡಿಯೊಗಳನ್ನು ಕಡತಗಳ ಒಂದೊಂದು ಆವೃತ್ತಿಯನ್ನೂ ಕಾಪಿಡುವ ಗಿಟ್‌ಗೆ ನೇರವಾಗಿ ತುರುಕಬೇಡಿ.

ಬರಹದಲ್ಲಿ ಒಂದು ಸಾಲು ತಿದ್ದಿದರೆ ಗಿಟ್ ವ್ಯತ್ಯಾಸವನ್ನಷ್ಟೇ ಅಡಕವಾಗಿ ಇಡಬಲ್ಲದು. ವಿಡಿಯೊ ತಿದ್ದಿದರೆ ಹೆಚ್ಚುಕಡಿಮೆ ಇಡೀ ಪ್ರತಿಯೇ ಮತ್ತೆ ಸೇರುತ್ತದೆ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ, ಅಂದರೆ ದಾಖಲಾದ ಹಿಂದಿನ ಆವೃತ್ತಿಗಳಲ್ಲಿ, ಉಳಿದೇ ಇರುತ್ತದೆ. ಗಿಟ್ ಯೋಜನೆಗಳನ್ನು ಅಂತರ್ಜಾಲದಲ್ಲಿ ಇಡುವ ಗಿಟ್‌ಹಬ್ ಅಂತೂ 100 ಎಂಬಿ ಮೀರಿದ ಕಡತವನ್ನು ಒಳಗೆ ಬಿಡುವುದಿಲ್ಲ.

ಮೊದಲ ಕಮಿಟ್‌ಗೆ ಮುಂಚೆಯೇ, ದೊಡ್ಡ ಕಡತಗಳಿಗೆಂದೇ ಇರುವ ಗಿಟ್ ಎಲ್‌ಎಫ್‌ಎಸ್ ಹಾಕಿಕೊಂಡು ವಿಡಿಯೊ ಕಡತಗಳನ್ನು ಅದು ನೋಡಿಕೊಳ್ಳುವಂತೆ ಸೂಚಿಸಿ. ಆಗ ಗಿಟ್‌ನಲ್ಲಿ ಪುಟ್ಟದೊಂದು ಗುರುತು ಮಾತ್ರ ಇರುತ್ತದೆ, ಕಡತ ಬೇರೆಡೆ. ಅಲ್ಲೂ ಉಚಿತ ಜಾಗಕ್ಕೆ ಮಿತಿಯುಂಟು. ಕ್ಯಾಮೆರಾದ ಮೂಲಪ್ರತಿಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿಡಿ, ಆಯ್ದದ್ದನ್ನಷ್ಟೇ ಎಲ್‌ಎಫ್‌ಎಸ್‌ಗೆ ಸೇರಿಸಿ.